ಬಾರ್ ಕೌಂಟರಿನ ಒಳಬದಿ: ಕಾಕ್‌ಟೇಲ್ ಕಸುಬು ಎಂದರೇನು, ಅದರಲ್ಲಿ ಬದುಕು ಕಟ್ಟಿಕೊಳ್ಳುವುದು ಹೇಗೆ?

ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಮಗನೋ ಮಗಳೋ “ನಾನು ಬಾರ್‌ಟೆಂಡರ್ ಆಗುತ್ತೇನೆ” ಎಂದರೆ ನಮ್ಮ ಹೆಚ್ಚಿನ ಮನೆಗಳಲ್ಲಿ ಮೊದಲು ಸಿಗುವ ಉತ್ತರ ಮೌನ. ಅಡುಗೆ ಕಲಿತು ಶೆಫ್ ಆಗುವುದನ್ನು ಮಧ್ಯಮವರ್ಗದ ಕುಟುಂಬಗಳು ಈಚೆಗೆ ಒಪ್ಪಿಕೊಂಡಿವೆ. ಆದರೆ ಬಾರ್ ಎಂಬ ಪದ ಕಿವಿಗೆ ಬಿದ್ದೊಡನೆ ಕಣ್ಮುಂದೆ ಬರುವುದು ಬಸ್ ನಿಲ್ದಾಣದ ಪಕ್ಕದ ಮಂದ ಬೆಳಕಿನ ಕೋಣೆ, ಸ್ಟೀಲ್ ತಟ್ಟೆಯಲ್ಲಿ ಹುರಿಗಡಲೆ ಮತ್ತು “ಒಂದು ನೈಂಟಿ” ಎಂಬ ಕೂಗು. ಇನ್ನೊಂದೆಡೆ, ಬೆಂಗಳೂರಿನ ಫೋರ್ ಸೀಸನ್ಸ್ ಹೋಟೆಲಿನ ಕೋಪಿಟಾಸ್, ಲೀಲಾ ಪ್ಯಾಲೇಸಿನ ಝಡ್‌ಎಲ್‌ಬಿ23 ಮುಂತಾದ ಬಾರ್‌ಗಳು ಏಷ್ಯಾದ 50 ಅತ್ಯುತ್ತಮ ಬಾರ್‌ಗಳ ಪಟ್ಟಿಯಲ್ಲಿ ಕಾಣಿಸಿಕೊಂಡಿವೆ. ಅಲ್ಲಿ ಕೌಂಟರಿನ ಹಿಂದೆ ನಿಂತವರ ಹೆಸರು ಕೇಳಿಕೊಂಡು ಬರುವ ಗ್ರಾಹಕರೂ ಇದ್ದಾರೆ. ಈ ಎರಡು ಚಿತ್ರಗಳ ನಡುವಿನ ಅಂತರ ಏನು, ಆ ಕೆಲಸದಲ್ಲಿ ಕಲಿಯುವಂಥದ್ದು ಏನಿದೆ, ಅದರಿಂದ ಹೊಟ್ಟೆಪಾಡು ನಡೆಯುತ್ತದೆಯೇ ಎಂಬುದನ್ನು ಬುಡದಿಂದಲೇ ನೋಡೋಣ.

ಪಾನಕದಿಂದ ಶುರು ಮಾಡಿದರೆ ಸುಲಭ

ರಾಮನವಮಿಯ ಪಾನಕವನ್ನು ನೆನಪಿಸಿಕೊಳ್ಳಿ. ಬೆಲ್ಲದ ಸಿಹಿ, ನಿಂಬೆಯ ಹುಳಿ, ಎರಡನ್ನೂ ಹದಕ್ಕೆ ತರುವ ನೀರು, ಮೇಲೆ ಏಲಕ್ಕಿ, ಶುಂಠಿ, ಕಾಳುಮೆಣಸಿನ ಘಾಟು. ಇವುಗಳಲ್ಲಿ ಯಾವುದೊಂದು ಹೆಚ್ಚಾದರೂ ಮೊದಲ ಗುಟುಕಿನಲ್ಲೇ ಗೊತ್ತಾಗುತ್ತದೆ. ಕಾಕ್‌ಟೇಲ್ ಎಂಬುದರ ಒಳಗಟ್ಟು ಇದೇ. ವ್ಯತ್ಯಾಸವೆಂದರೆ ಅದರಲ್ಲಿ ಮದ್ಯವೂ ಸೇರಿರುತ್ತದೆ. ಈ ಪದಕ್ಕೆ ಮುದ್ರಣದಲ್ಲಿ ಸಿಗುವ ಮೊದಲ ವ್ಯಾಖ್ಯಾನ 1806ರ ಮೇ ತಿಂಗಳಿನದು. ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದ ಪತ್ರಿಕೆಯೊಂದು ಓದುಗನ ಪ್ರಶ್ನೆಗೆ ಉತ್ತರಿಸುತ್ತ, ಯಾವುದಾದರೊಂದು ಮದ್ಯ, ಸಕ್ಕರೆ, ನೀರು ಮತ್ತು ಬಿಟರ್ಸ್ ಕೂಡಿದ ಪಾನೀಯವೇ ಕಾಕ್‌ಟೇಲ್ ಎಂದು ವಿವರಿಸಿತ್ತು. ಬಿಟರ್ಸ್ ಎಂದರೆ ಕಹಿ ಬೇರು, ತೊಗಟೆ, ಮಸಾಲೆಗಳನ್ನು ಮದ್ಯದಲ್ಲಿ ನೆನೆಹಾಕಿ ತೆಗೆದ ಗಾಢವಾದ ಸಾರ. ಅದನ್ನು ಎರಡು ಮೂರು ಹನಿಯಷ್ಟೇ ಹಾಕುತ್ತಾರೆ. ಸಾರಿನ ಒಗ್ಗರಣೆಯಲ್ಲಿ ಇಂಗಿಗೆ ಯಾವ ಸ್ಥಾನವೋ ಇಲ್ಲಿ ಬಿಟರ್ಸ್‌ಗೆ ಅದೇ ಸ್ಥಾನ: ಬೇರೆಯಾಗಿ ಗುರುತು ಸಿಗುವುದಿಲ್ಲ, ಆದರೆ ಬಿಟ್ಟರೆ ಕೊರತೆ ಕಾಣುತ್ತದೆ.

ಇದಕ್ಕೂ ಹಿಂದಿನ ಪಾನೀಯವಾದ ಪಂಚ್‌ಗೆ ನಮ್ಮ ನೆಲದ ನಂಟಿದೆ. 17ನೇ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಾವಿಕರು ಮತ್ತು ವ್ಯಾಪಾರಿಗಳು ಸಾರಾಯಿ, ಸಕ್ಕರೆ, ನಿಂಬೆ, ನೀರು, ಮಸಾಲೆ ಎಂಬ ಐದನ್ನು ಬೆರೆಸಿ ಕುಡಿಯುತ್ತಿದ್ದರೆಂದೂ, ‘ಪಂಚ’ ಎಂಬುದೇ ಪಂಚ್ ಆಯಿತೆಂದೂ ಹೇಳುವುದುಂಟು. ಪದದ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಆದರೆ ಪಾನೀಯ ಇಲ್ಲಿಂದ ಹಡಗು ಹತ್ತಿದ್ದು ನಿಜ. (ಆ ಐದರಲ್ಲಿ ಮೊದಲನೆಯದಾದ ಸಾರಾಯಿಯನ್ನು ಕರ್ನಾಟಕ 2007ರ ಜುಲೈ 1ರಿಂದ ನಿಷೇಧಿಸಿದೆ.)

‘ಕ್ರಾಫ್ಟ್’ ಎಂಬ ವಿಶೇಷಣ ಏಕೆ ಬಂತು

ಅಮೆರಿಕದ ಜೆರ್ರಿ ಥಾಮಸ್ 1862ರಲ್ಲಿ ಬಾರ್‌ಟೆಂಡರ್‌ಗಳಿಗಾಗಿ ಕೈಪಿಡಿಯೊಂದನ್ನು ಪ್ರಕಟಿಸಿದಾಗ ಈ ಕಸುಬಿಗೆ ಮೊದಲ ಬಾರಿಗೆ ಬರೆದಿಟ್ಟ ವಿದ್ಯೆಯ ರೂಪ ಬಂತು. 1920ರಿಂದ 1933ರವರೆಗೆ ಆ ದೇಶದಲ್ಲಿ ಪಾನನಿಷೇಧ ಜಾರಿಯಲ್ಲಿತ್ತು. ಬಾರ್‌ಗಳು ಮುಚ್ಚಿದವು, ಪಳಗಿದ ಕೈಗಳು ಯೂರೋಪಿಗೂ ಕ್ಯೂಬಾಕ್ಕೂ ಹೋದವು, ಗುರುವಿನಿಂದ ಶಿಷ್ಯನಿಗೆ ದಾಟುತ್ತಿದ್ದ ಕಲಿಕೆಯ ಎಳೆ ತುಂಡಾಯಿತು. ಆಮೇಲಿನ ದಶಕಗಳಲ್ಲಿ ತಾಜಾ ನಿಂಬೆರಸದ ಜಾಗಕ್ಕೆ ಪುಡಿ ಮಿಶ್ರಣ, ಅಳತೆಯ ಜಾಗಕ್ಕೆ ಕಣ್ಣಂದಾಜು ಬಂದವು. 1980ರ ದಶಕದ ಕೊನೆಗೆ ನ್ಯೂಯಾರ್ಕಿನ ರೈನ್‌ಬೋ ರೂಮ್‌ನಲ್ಲಿ ಡೇಲ್ ಡಿಗ್ರಾಫ್ ತಾಜಾ ರಸ ಮತ್ತು ಹಳೆಯ ಪಾಕವಿಧಾನಗಳನ್ನು ಮರಳಿ ತಂದರು. ಅದೇ ನಗರದಲ್ಲಿ ಸಾಶಾ ಪೆಟ್ರಾಸ್ಕೆ ತೆರೆದ ಮಿಲ್ಕ್ ಅಂಡ್ ಹನಿ ಎಂಬ ಸಣ್ಣ ಬಾರ್ ನಿಖರ ಅಳತೆ, ದೊಡ್ಡ ಐಸ್ ತುಂಡು ಮತ್ತು ಸಭ್ಯ ನಡವಳಿಕೆಯನ್ನು ನಿಯಮವನ್ನಾಗಿಸಿತು. ಕ್ರಾಫ್ಟ್ ಎನ್ನುವುದು ಈ ಮರಳುವಿಕೆಯ ಹೆಸರು. ಕನ್ನಡದಲ್ಲಿ ‘ಕೈಕಸುಬಿನ’ ಎಂದರೆ ಅರ್ಥ ಬಹುಮಟ್ಟಿಗೆ ಕೂಡುತ್ತದೆ.

ಮದುವೆ ಸಂಗೀತದ ರಾತ್ರಿಗಳಲ್ಲಿ ಬಾಟಲಿಗಳನ್ನು ಗಾಳಿಯಲ್ಲಿ ತೂರಿ ಹಿಡಿಯುವ ಕಲೆ ಬೇರೆಯದು. ಅದನ್ನು ಫ್ಲೇರ್ ಎನ್ನುತ್ತಾರೆ. ಅದು ಪ್ರದರ್ಶನ. ಅದಕ್ಕೂ ಬೇಡಿಕೆಯಿದೆ, ಆದರೆ ಈ ಲೇಖನದ ವಿಷಯ ಅದಲ್ಲ.

ಭಾರತದಲ್ಲಿ ಈ ದಾರಿ ತೋರಿದವರಲ್ಲಿ ಇಬ್ಬರ ಹೆಸರು ಹೇಳಲೇಬೇಕು. ದೇಶದ ಮೊದಲ ಮಹಿಳಾ ಬಾರ್‌ಟೆಂಡರ್ ಎಂದು ಗುರುತಿಸಲ್ಪಡುವ ಶತಭಿ ಬಸು ಮುಂಬೈಯಲ್ಲಿ ಸ್ಟಿರ್ ಎಂಬ ತರಬೇತಿ ಸಂಸ್ಥೆ ಕಟ್ಟಿದರು. ಹೋಟೆಲ್ ಬಾರ್‌ನಲ್ಲಿ ಕೆಲಸ ಶುರುಮಾಡಿದ ಯಾಂಗ್‌ದುಪ್ ಲಾಮಾ ಅವರ ದೆಹಲಿಯ ಸೈಡ್‌ಕಾರ್ 2022ರ ಜಾಗತಿಕ 50 ಅತ್ಯುತ್ತಮ ಬಾರ್‌ಗಳ ಪಟ್ಟಿಯಲ್ಲಿ 26ನೇ ಸ್ಥಾನ ಪಡೆಯಿತು.

ಐಸ್ ಕರಗುವುದು ದೋಷವಲ್ಲ

ಹೊರಗಿನಿಂದ ನೋಡಿದವರಿಗೆ ಐಸ್ ಎಂದರೆ ತಂಪಿಗಾಗಿ ಹಾಕುವ ವಸ್ತು, ಅದು ಕರಗಿ ನೀರಾಗುವುದು ಅಂಗಡಿಯವನ ಮೋಸ. ಬಾರ್‌ಟೆಂಡರ್‌ಗೆ ಆ ನೀರು ಪಾಕದ ಒಂದು ಭಾಗ. ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಒಂದು ಕ್ಯಾಲೊರಿ ಶಾಖ ಸಾಕು. ಆದರೆ ಒಂದು ಗ್ರಾಂ ಐಸ್ ಕರಗಲು ಸುಮಾರು 80 ಕ್ಯಾಲೊರಿ ಬೇಕು. ಆ ಶಾಖವನ್ನು ಐಸ್ ತನ್ನ ಸುತ್ತಲಿನ ಪಾನೀಯದಿಂದಲೇ ಎಳೆದುಕೊಳ್ಳುತ್ತದೆ. ಅಂದರೆ ಪಾನೀಯ ತಂಪಾಗುವುದೇ ಮುಖ್ಯವಾಗಿ ಐಸ್ ಕರಗುವುದರಿಂದ. ತಂಪು ಬೇಕು, ನೀರು ಬೇಡ ಎಂಬುದು ಸಾಧ್ಯವಿಲ್ಲ. ಕಾಕ್‌ಟೇಲ್ ಲೋಟಕ್ಕೆ ಬಂದು ಬೀಳುವ ಹೊತ್ತಿಗೆ ಅದರಲ್ಲಿ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಹೀಗೆ ಕರಗಿದ ನೀರೇ ಇರುತ್ತದೆ. ಆ ನೀರಿಲ್ಲದಿದ್ದರೆ ಮದ್ಯದ ಘಾಟಿನಲ್ಲಿ ಉಳಿದ ರುಚಿಗಳು ಮುಚ್ಚಿಹೋಗುತ್ತವೆ. ಡಿಕಾಕ್ಷನ್ನನ್ನು ಹಾಲಿಲ್ಲದೆ ಕುಡಿದಂತೆ ಎನ್ನಬಹುದು.

ಇಲ್ಲಿಂದಲೇ ಈ ಕಸುಬಿನ ಮೊದಲ ನಿಯಮ ಹುಟ್ಟುತ್ತದೆ. ಹಣ್ಣಿನ ರಸ, ಮೊಟ್ಟೆಯ ಬಿಳಿ, ಕೆನೆ ಇದ್ದರೆ ಶೇಕರ್‌ನಲ್ಲಿ ಜೋರಾಗಿ ಕುಲುಕಬೇಕು. ಬರೀ ಮದ್ಯಗಳ ಮಿಶ್ರಣವಾದರೆ ಉದ್ದ ಚಮಚದಿಂದ ನಿಧಾನವಾಗಿ ಕಲಕಬೇಕು. ಕುಲುಕಿದಾಗ ಗಾಳಿಯ ಸಣ್ಣ ಗುಳ್ಳೆಗಳು ಸೇರಿ ಪಾನೀಯ ಮಬ್ಬಾಗಿ ಹಗುರವಾಗುತ್ತದೆ, ಕಲಕಿದಾಗ ತಿಳಿಯಾಗಿ ನುಣುಪಾಗಿ ಉಳಿಯುತ್ತದೆ. ಹದಿನೈದು ಸೆಕೆಂಡು ಚೆನ್ನಾಗಿ ಕುಲುಕಿದ ಮೇಲೆ ಇನ್ನಷ್ಟು ಕುಲುಕುವುದರಿಂದ ಹೆಚ್ಚಿನ ತಂಪೇನೂ ಸಿಗುವುದಿಲ್ಲ. ತೋಳು ನೋಯುತ್ತದೆ, ಅಷ್ಟೇ.

ಕನ್ನಡಿಯಂಥ ತಿಳಿ ಐಸ್ ಹೇಗಾಗುತ್ತದೆ ಎಂದು ಕೇಳುವವರಿದ್ದಾರೆ. ಮನೆಯ ಫ್ರಿಜ್‌ನಲ್ಲಿ ನೀರು ಎಲ್ಲ ಬದಿಯಿಂದಲೂ ಹೆಪ್ಪುಗಟ್ಟುತ್ತ ಬರುವುದರಿಂದ ಒಳಗಿನ ಗಾಳಿ ನಡುವೆ ಸಿಕ್ಕಿಬಿದ್ದು ಬೆಳ್ಳಗೆ ಕಾಣುತ್ತದೆ. ಪಾತ್ರೆಯ ತಳ ಮತ್ತು ಬದಿಗಳಿಗೆ ಥರ್ಮೊಕೋಲಿನ ಹೊದಿಕೆ ಕೊಟ್ಟು ಮೇಲ್ಭಾಗವನ್ನಷ್ಟೇ ತೆರೆದಿಟ್ಟರೆ ಐಸ್ ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಗಟ್ಟಿಯಾಗುತ್ತ ಗಾಳಿಯನ್ನು ತಳಕ್ಕೆ ದೂಡುತ್ತದೆ. ತಳದ ಮಬ್ಬು ಭಾಗವನ್ನು ಗರಗಸದಿಂದ ಕತ್ತರಿಸಿ ತೆಗೆದರೆ ಉಳಿದದ್ದು ಗಾಜಿನಂತಿರುತ್ತದೆ.

ಹಳೆಯ ತಂತ್ರಗಳೂ ಹೊಸ ಹೆಸರಿನಲ್ಲಿ ಮರಳಿವೆ. ಹುಳಿ ಇರುವ ಕಾಕ್‌ಟೇಲನ್ನು ಹಾಲಿಗೆ ಸುರಿದರೆ ಹಾಲು ಒಡೆಯುತ್ತದೆ. ಆ ಗಷ್ಟೆಯ ಮೂಲಕವೇ ಮತ್ತೆ ಮತ್ತೆ ಸೋಸಿದರೆ ಬಣ್ಣವೂ ಒರಟುತನವೂ ಹೋಗಿ ತಿಳಿಯಾದ ಪಾನೀಯ ಉಳಿಯುತ್ತದೆ. ಇದು ಮಿಲ್ಕ್ ಪಂಚ್. ಬೆಂಜಮಿನ್ ಫ್ರಾಂಕ್ಲಿನ್ 1763ರಲ್ಲಿ ಗೆಳೆಯನಿಗೆ ಬರೆದ ಪತ್ರದೊಂದಿಗೆ ಇದರ ಪಾಕವನ್ನು ಕಳಿಸಿದ್ದ.

ಸಂಜೆ ನಾಲ್ಕರಿಂದ

ಬಾರ್‌ಟೆಂಡರ್‌ನ ಕೆಲಸ ಗ್ರಾಹಕರು ಬಂದಮೇಲೆ ಆರಂಭವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮದುವೆಯ ಅಡುಗೆಭಟ್ಟರು ಹಿಂದಿನ ರಾತ್ರಿಯೇ ಕಾಯಿ ತುರಿದು ತರಕಾರಿ ಹೆಚ್ಚಿಟ್ಟುಕೊಳ್ಳುವಂತೆ, ಇಲ್ಲಿಯೂ ಸಂಜೆ ನಾಲ್ಕಕ್ಕೆ ತಯಾರಿ ಶುರುವಾಗುತ್ತದೆ. ನಿಂಬೆರಸವನ್ನು ಅಂದಂದೇ ಹಿಂಡಬೇಕು, ಏಕೆಂದರೆ ಮರುದಿನಕ್ಕೆ ಅದರ ಪರಿಮಳ ಸತ್ತಿರುತ್ತದೆ. ಸಮತೂಕದ ಸಕ್ಕರೆ ಮತ್ತು ನೀರಿನ ಸಿರಪ್ ಮಾಡಿ ಬಾಟಲಿಗೆ ತುಂಬಿ ದಿನಾಂಕದ ಚೀಟಿ ಅಂಟಿಸಬೇಕು. ಕಿತ್ತಳೆ ಸಿಪ್ಪೆಯನ್ನು ಬಿಳಿಯ ಕಹಿ ಪದರ ಬಾರದಂತೆ ತೆಳುವಾಗಿ ಕೊಯ್ದು ಒದ್ದೆ ಬಟ್ಟೆಯಡಿ ಇಡಬೇಕು. ಪ್ರತಿ ಬಾಟಲಿಯೂ ನಿನ್ನೆ ಇದ್ದ ಜಾಗದಲ್ಲೇ, ಲೇಬಲ್ ಮುಂದೆ ಮಾಡಿಕೊಂಡು ನಿಂತಿರಬೇಕು. ರಾತ್ರಿ ಹತ್ತರ ಗದ್ದಲದಲ್ಲಿ ಕೈ ತಾನಾಗಿ ಹೋಗುವುದು ಅಲ್ಲಿಗೇ.

ಈಗ ಒಂದು ಮೇಜಿನಿಂದ ಚೀಟಿ ಬಂತೆಂದುಕೊಳ್ಳಿ: ಒಂದು ನೆಗ್ರೋನಿ, ಮೊಟ್ಟೆಯ ಬಿಳಿ ಹಾಕಿದ ಒಂದು ವಿಸ್ಕಿ ಸವರ್, ಒಂದು ಹೈಬಾಲ್ (ಮದ್ಯಕ್ಕೆ ಸೋಡ ಬೆರೆಸಿದ್ದು), ಒಂದು ಮದ್ಯರಹಿತ ಪುನರ್ಪುಳಿ ಪಾನೀಯ. ಬರೆದ ಕ್ರಮದಲ್ಲೇ ಮಾಡುತ್ತ ಹೋದರೆ ಕೊನೆಯದು ಸಿದ್ಧವಾಗುವಷ್ಟರಲ್ಲಿ ಮೊದಲನೆಯದು ಕೆಟ್ಟಿರುತ್ತದೆ. ಅನುಭವಿಯು ಮೊದಲು ನೆಗ್ರೋನಿಗೆ ಜಿನ್, ಕಾಂಪಾರಿ ಎಂಬ ಕಹಿ ಮದ್ಯ, ಮೂಲಿಕೆ ಬೆರೆಸಿದ ವೈನ್ ಆದ ಸಿಹಿ ವರ್ಮೂತ್‌ಗಳನ್ನು 30 ಮಿ.ಲೀ.ನಂತೆ ಅಳೆದು ಐಸ್ ಹಾಕದೆ ಬದಿಗಿಡುತ್ತಾನೆ. ಪುನರ್ಪುಳಿಗೂ ಹೈಬಾಲ್‌ಗೂ ಸೋಡ ಬಿಟ್ಟು ಉಳಿದದ್ದನ್ನು ಲೋಟಕ್ಕೆ ಹಾಕಿಕೊಳ್ಳುತ್ತಾನೆ. ಆಮೇಲೆ ಸವರ್ ಅನ್ನು ಒಮ್ಮೆ ಐಸ್ ಇಲ್ಲದೆ, ನೊರೆ ಬರಲೆಂದು ಕುಲುಕುತ್ತಾನೆ. ಅಲ್ಲಿಂದ ಕೈಗಳು ಬೇರೆಬೇರೆಯಾಗುತ್ತವೆ: ಒಂದು ಕೈ ನೆಗ್ರೋನಿಗೆ ಐಸ್ ಹಾಕಿ ಕಲಕುತ್ತಿರುವಾಗ ಇನ್ನೊಂದು ಕೈ ಸೋಡದ ಬಾಟಲಿ ತೆರೆದಿರುತ್ತದೆ. ಸವರ್ ಅನ್ನು ಐಸ್ ಜೊತೆ ಎರಡನೆಯ ಸಲ ಕುಲುಕಿ ಸೋಸುವುದು ಕೊನೆಯಲ್ಲಿ, ಏಕೆಂದರೆ ಎಲ್ಲಕ್ಕಿಂತ ಬೇಗ ಇಳಿಯುವುದು ಅದರ ನೊರೆ. ನಾಲ್ಕೂ ಲೋಟ ಒಂದೇ ತಟ್ಟೆಯಲ್ಲಿ, ಒಂದೇ ಗಳಿಗೆಯಲ್ಲಿ ಹೊರಡಬೇಕು. ಪಾಕಗಳನ್ನು ಬಾಯಿಪಾಠ ಮಾಡುವುದು ವಾರಗಳ ಕೆಲಸ, ಈ ಕ್ರಮವನ್ನು ಯೋಚಿಸದೆ ಕಾಣುವಂತಾಗುವುದಕ್ಕೆ ವರ್ಷಗಳು ಬೇಕು. ನನ್ನ ದೃಷ್ಟಿಯಲ್ಲಿ ಕಸುಬುದಾರನನ್ನೂ ಹವ್ಯಾಸಿಯನ್ನೂ ಬೇರ್ಪಡಿಸುವ ಗೆರೆ ಇದೇ.

ಅಳತೆಯ ಹಿಂದಿನ ಲೆಕ್ಕ

ಕ್ರಾಫ್ಟ್ ಬಾರ್‌ಗಳಲ್ಲಿ ಪ್ರತಿ ಬಾರಿಯೂ ಜಿಗ್ಗರ್ ಎಂಬ ಅಳತೆಯ ಬಟ್ಟಲನ್ನು ಬಳಸುವುದನ್ನು ಕಂಡು, “ಕೈ ಬಿಗಿ” ಎಂದು ಗೊಣಗುವವರಿದ್ದಾರೆ. ಕಾರಣ ಎರಡು. ಇಂದು ಕುಡಿದ ರುಚಿ ಮುಂದಿನ ತಿಂಗಳೂ ಸಿಗಬೇಕು ಎಂಬುದು ಒಂದು. ಇನ್ನೊಂದು ಹಣದ್ದು. 750 ಮಿ.ಲೀ. ಬಾಟಲಿಯೊಂದಕ್ಕೆ 3,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಒಂದು ಕಾಕ್‌ಟೇಲ್‌ಗೆ 60 ಮಿ.ಲೀ. ಹಾಕಿದರೆ ಮದ್ಯದ ವೆಚ್ಚ 240, ರಸ, ಸಿರಪ್, ಐಸ್ ಸೇರಿ ಇನ್ನೊಂದು 60 ಎಂದರೆ ಒಟ್ಟು 300. ಅದನ್ನು 1,200ಕ್ಕೆ ಮಾರಿದರೆ ಸಾಮಗ್ರಿಯ ವೆಚ್ಚ ಬೆಲೆಯ ಕಾಲುಭಾಗ; ಉಳಿದದ್ದರಲ್ಲಿ ಬಾಡಿಗೆ, ಸಂಬಳ, ಪರವಾನಗಿ ಶುಲ್ಕ, ಒಡೆದ ಲೋಟ ಎಲ್ಲವೂ ನಡೆಯಬೇಕು. ಈಗ ಕೈ ಸ್ವಲ್ಪ ಸಡಿಲವಾಗಿ 60ರ ಬದಲು 65 ಮಿ.ಲೀ. ಬೀಳುತ್ತಿದ್ದರೆ, ಬಾಟಲಿಯಿಂದ ಹನ್ನೆರಡೂವರೆಯ ಬದಲು ಹನ್ನೊಂದೂವರೆ ಪಾನೀಯವಷ್ಟೇ ಬರುತ್ತದೆ. ಬಾಟಲಿಗೊಂದು ಮಾರಾಟ ಹೋಯಿತು. ಈ ಲೆಕ್ಕ ತಲೆಯಲ್ಲಿ ಕೂತವರೇ ಮುಂದೆ ಬಾರ್ ಮ್ಯಾನೇಜರ್ ಆಗುವವರು.

ಕರ್ನಾಟಕದಲ್ಲಿ ಇನ್ನೊಂದು ಕಟ್ಟುಪಾಡೂ ಇದೆ. ಬಾರ್‌ಗಳು ಮದ್ಯವನ್ನು ಸರ್ಕಾರಿ ಸ್ವಾಮ್ಯದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಮೂಲಕವೇ ಪಡೆಯಬೇಕು; ರಾಜ್ಯದಲ್ಲಿ ಲೇಬಲ್ ನೋಂದಣಿಯಾಗದ ಬಾಟಲಿಯನ್ನು ಇಡುವಂತಿಲ್ಲ. ವಿದೇಶಿ ಪಾಕದಲ್ಲಿ ಹೇಳಿದ ಲಿಕ್ಯೂರ್ (ಸುವಾಸನೆಯ ಸಿಹಿ ಮದ್ಯ) ಇಲ್ಲಿ ಸಿಗದೆ ಹೋಗಬಹುದು. ಕೊಡಗಿನ ಕಾಚಂಪುಳಿ, ಕರಾವಳಿಯ ಪುನರ್ಪುಳಿ, ಮಾವಿನಶುಂಠಿ, ಸೊಗದೆ ಬೇರು, ಮಂಡ್ಯದ ಬೆಲ್ಲ ಕೌಂಟರಿಗೆ ಬಂದಿರುವುದಕ್ಕೆ ನೆಲದ ಅಭಿಮಾನದಷ್ಟೇ ಈ ಕೊರತೆಯೂ ಕಾರಣ ಎಂದರೆ ತಪ್ಪಾಗಲಾರದು. ಪಂದಿ ಕರಿಗೆ ಹಾಕುವ ಕಾಚಂಪುಳಿ ನಿಂಬೆಯಂತಲ್ಲ. ಕಪ್ಪಗೆ, ಗಟ್ಟಿಯಾಗಿ, ಹೊಗೆಯ ವಾಸನೆಯೊಂದಿಗೆ ಇರುತ್ತದೆ. ಹನಿ ಹೆಚ್ಚಾದರೆ ಉಳಿದೆಲ್ಲವನ್ನೂ ನುಂಗುತ್ತದೆ.

ಆತಿಥ್ಯ ಎಂದರೆ ‘ಬೇಡ’ ಎನ್ನುವುದೂ ಹೌದು

ಒಬ್ಬರೇ ಬಂದು ಕೌಂಟರಿನ ಮುಂದಿನ ಎತ್ತರದ ಕುರ್ಚಿಯಲ್ಲಿ ಕೂತವರಿಗೆ ಮಾತು ಬೇಕೋ ಮೌನ ಬೇಕೋ ಎಂದು ಒಂದು ನೋಟದಲ್ಲಿ ತಿಳಿಯುವುದು, ಕೇಳುವ ಮೊದಲೇ ನೀರಿನ ಲೋಟ ಇಡುವುದು, ಕಳೆದ ಸಲ ಸಿಹಿ ಕಡಿಮೆ ಎಂದದ್ದನ್ನು ನೆನಪಿಡುವುದು ಈ ಕೆಲಸದ ಅರ್ಧ. ಇನ್ನೊಂದು ಕಠಿಣ ಭಾಗವಿದೆ. ರಾಜ್ಯದಲ್ಲಿ 21 ವರ್ಷ ತುಂಬದವರಿಗೆ ಮದ್ಯ ಕೊಡುವಂತಿಲ್ಲ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ಓಡಿಸುವುದು ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಡಿ ಅಪರಾಧ. ನಮ್ಮಲ್ಲಿ ತಯಾರಾಗುವ ಸಾಮಾನ್ಯ ವಿಸ್ಕಿ, ರಮ್‌ಗಳ ಬಾಟಲಿಯ ಮೇಲೆ 42.8 ಶೇಕಡಾ ಎಂದಿರುತ್ತದೆ. ಆ ಲೆಕ್ಕದಲ್ಲಿ 60 ಮಿ.ಲೀ. ಪೆಗ್‌ನಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯಸಾರವಿದೆ. ಹುಳಿ ಸಿಹಿಗಳ ಮರೆಯಲ್ಲಿ ಕಾಕ್‌ಟೇಲ್ ಹಗುರವೆನಿಸುವುದರಿಂದ ಎಷ್ಟು ಒಳಹೋಯಿತೆಂದು ಕುಡಿದವರಿಗಿಂತ ಕೊಟ್ಟವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಪಳಗಿದವರು ನೇರವಾಗಿ ನಿರಾಕರಿಸುವ ಮೊದಲು ವೇಗ ತಗ್ಗಿಸುತ್ತಾರೆ: ಊಟದ ಪಟ್ಟಿ ಮುಂದಿಡುತ್ತಾರೆ, ನೀರು ತುಂಬುತ್ತಾರೆ, ಮುಂದಿನ ಪಾನೀಯವನ್ನು ತಡಮಾಡುತ್ತಾರೆ, ಕೊನೆಗೆ “ಸರ್, ಇವತ್ತಿಗೆ ಸಾಕು ಮಾಡೋಣ, ಕ್ಯಾಬ್ ಕರೆಸಲಾ?” ಎನ್ನುತ್ತಾರೆ. ಆ ಮಾತನ್ನು ಮುಖ ಕೆಡಿಸದೆ ಹೇಳಲು ಯಾವ ಕೈಪಿಡಿಯೂ ಕಲಿಸುವುದಿಲ್ಲ.

ಕಲಿಯುವ ದಾರಿ

ಮುಖ್ಯವಾಗಿ ಎರಡು ಬಾಗಿಲುಗಳಿವೆ. ಮೊದಲನೆಯದು ಪದವಿ: ಬೆಂಗಳೂರಿನ ಶೇಷಾದ್ರಿ ರಸ್ತೆಯ ಎಸ್.ಜೆ. ಪಾಲಿಟೆಕ್ನಿಕ್ ಆವರಣದಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಹೋಟೆಲ್ ಮ್ಯಾನೇಜ್‌ಮೆಂಟ್‌ನಂಥ ಕೇಂದ್ರ ಸಂಸ್ಥೆಗಳಿಗೆ ರಾಷ್ಟ್ರಮಟ್ಟದ ಎನ್‌ಸಿಎಚ್‌ಎಂ ಜೆಇಇ ಪರೀಕ್ಷೆಯ ಮೂಲಕ ಪ್ರವೇಶ. ಅಲ್ಲಿ ಅಡುಗೆ, ಕೊಠಡಿ ನಿರ್ವಹಣೆ, ಲೆಕ್ಕಪತ್ರ ಎಲ್ಲವನ್ನೂ ಓದಿಸುತ್ತಾರೆ, ಪಾನೀಯ ಅದರಲ್ಲಿ ಒಂದು ಭಾಗ ಮಾತ್ರ. ಎರಡನೆಯದು ನೇರವಾಗಿ ಬಾರ್‌ಬ್ಯಾಕ್ ಆಗಿ ಸೇರುವುದು. ಲಾರಿಗೆ ಕ್ಲೀನರ್ ಇದ್ದಂತೆ ಬಾರ್‌ಗೆ ಬಾರ್‌ಬ್ಯಾಕ್: ಐಸ್ ಹೊರುವುದು, ಲೋಟ ಒರೆಸುವುದು, ಹಣ್ಣು ಹಿಂಡುವುದು, ಖಾಲಿ ಬಾಟಲಿ ಎಣಿಸುವುದು. ಕ್ಲೀನರ್ ಪಕ್ಕದಲ್ಲಿ ಕೂತೇ ಸ್ಟಿಯರಿಂಗ್ ಕಲಿಯುವಂತೆ ಇವರೂ ನೋಡಿ ನೋಡಿ ಕಲಿಯುತ್ತಾರೆ. ಅಲ್ಲಿಂದ ಬಾರ್‌ಟೆಂಡರ್, ಹೆಡ್ ಬಾರ್‌ಟೆಂಡರ್, ಬಾರ್ ಮ್ಯಾನೇಜರ್. ಕೆಲವರು ಮದ್ಯ ಕಂಪನಿಗಳ ಬ್ರ್ಯಾಂಡ್ ಅಂಬಾಸಿಡರ್ ಆಗುತ್ತಾರೆ, ಕೆಲವರು ಹೊಸ ಬಾರ್‌ಗಳಿಗೆ ಪಾನೀಯಗಳ ಪಟ್ಟಿ ಮಾಡಿಕೊಡುವ ಸಲಹೆಗಾರರಾಗುತ್ತಾರೆ. ಪದವಿಯಿದ್ದವರಿಗೂ ಬಾರ್‌ಬ್ಯಾಕ್ ಕೆಲಸ ತಪ್ಪದು. ತಪ್ಪಿಸಿಕೊಂಡವರು ಮುಂದೆ ಎಡವುತ್ತಾರೆ.

ವೈನ್ ಮತ್ತು ಮದ್ಯಗಳ ಬಗ್ಗೆ ಕಲಿಸುವ, ಲಂಡನ್ ಮೂಲದ ಡಬ್ಲ್ಯುಎಸ್‌ಇಟಿ ಎಂಬ ಸಂಸ್ಥೆಯ ಹಂತಹಂತದ ಪ್ರಮಾಣಪತ್ರಗಳಿಗೆ ಹೊರದೇಶಗಳಲ್ಲೂ ಮನ್ನಣೆಯಿದೆ. 2009ರಿಂದ ನಡೆಯುತ್ತಿರುವ ಡಿಯಾಜಿಯೊ ಕಂಪನಿಯ ವರ್ಲ್ಡ್ ಕ್ಲಾಸ್‌ನಂಥ ಸ್ಪರ್ಧೆಗಳು ಹೆಸರು ತಂದುಕೊಡುತ್ತವೆ. ಹೊಸ ಹುಡುಗರು ತಿಂಗಳುಗಟ್ಟಲೆ ಸ್ಪರ್ಧೆಯ ಪಾಕವೊಂದನ್ನೇ ತೀಡುತ್ತ ಕೂತು, ದಿನವೂ ನೂರು ಸಲ ಮಾಡುವ ರಮ್, ನಿಂಬೆರಸ, ಸಕ್ಕರೆಯ ಸಾದಾ ಡೈಕ್ವಿರಿಯಲ್ಲಿ ತಪ್ಪುವುದನ್ನೂ ಈ ಕ್ಷೇತ್ರದ ಹಿರಿಯರು ತಮಾಷೆಯಾಗಿ ಹೇಳುವುದುಂಟು.

ಹೆಣ್ಣುಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾದ ಸಂಗತಿಯೊಂದಿದೆ. 1914ರ ಪಂಜಾಬ್ ಅಬಕಾರಿ ಕಾಯ್ದೆಯ 30ನೇ ಕಲಮು ಮದ್ಯ ಕುಡಿಯುವ ಸ್ಥಳಗಳಲ್ಲಿ ಮಹಿಳೆಯರನ್ನು ನೇಮಿಸುವುದನ್ನು ನಿಷೇಧಿಸಿತ್ತು; ದೆಹಲಿಯಲ್ಲೂ ಅದೇ ಜಾರಿಯಲ್ಲಿತ್ತು. ಅನುಜ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರ ಡಿಸೆಂಬರ್‌ನಲ್ಲಿ ಆ ನಿಷೇಧ ಅಸಾಂವಿಧಾನಿಕ ಎಂದಿತು. ರಕ್ಷಣೆಯ ಹೆಸರಿನಲ್ಲಿ ಉದ್ಯೋಗವನ್ನೇ ಕಿತ್ತುಕೊಳ್ಳುವುದರ ಬದಲು ಕೆಲಸದ ಸ್ಥಳವನ್ನು ಸುರಕ್ಷಿತಗೊಳಿಸಬೇಕು ಎಂಬುದು ಆ ತೀರ್ಪಿನ ತಿರುಳು. ಬೆಂಗಳೂರಿನಲ್ಲಿ ಬಾರ್‌ಗಳು ರಾತ್ರಿ ಒಂದರವರೆಗೆ ತೆರೆದಿರಬಹುದು. ಲೆಕ್ಕ ಒಪ್ಪಿಸಿ ಕೌಂಟರ್ ತೊಳೆದು ಹೊರಬರುವಾಗ ಮೆಟ್ರೊದ ಕೊನೆಯ ಗಾಡಿ ಹೋಗಿ ಎಷ್ಟೋ ಹೊತ್ತಾಗಿರುತ್ತದೆ. ಕೆಲಸಕ್ಕೆ ಸೇರುವಾಗ, ಗಂಡಾಗಲಿ ಹೆಣ್ಣಾಗಲಿ, ಮನೆಗೆ ಬಿಡುವ ವ್ಯವಸ್ಥೆಯಿದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಸಂಬಳ, ಟಿಪ್ಸ್, ಮೈನೋವು

ಆದಾಯ ಎರಡು ಕಾಲುಗಳ ಮೇಲೆ ನಿಂತಿದೆ: ತಿಂಗಳ ಸಂಬಳ ಮತ್ತು ಟಿಪ್ಸ್. ಹಲವೆಡೆ ಟಿಪ್ಸನ್ನು ಒಟ್ಟುಗೂಡಿಸಿ, ಹುದ್ದೆಗೆ ಇಷ್ಟು ಪಾಯಿಂಟ್ ಎಂಬ ಲೆಕ್ಕದಲ್ಲಿ ಹಂಚುತ್ತಾರೆ. ಬಿಲ್ಲಿನಲ್ಲಿ ತಾನಾಗಿ ಸೇರುತ್ತಿದ್ದ ಸೇವಾ ಶುಲ್ಕವೂ ಕೆಲವು ಕಡೆ ಈ ಹಂಚಿಕೆಗೆ ಬರುತ್ತಿತ್ತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಅದನ್ನು ಕಡ್ಡಾಯವಾಗಿ ಸೇರಿಸುವಂತಿಲ್ಲ ಎಂದಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಗ್ರಾಹಕರಿಗೆ ಇದು ಅನುಕೂಲ. ಕೌಂಟರಿನ ಒಳಬದಿಯವರಿಗೆ ಸಂಬಳದ ಮಾತುಕತೆಯಲ್ಲಿ ಮೂಲವೇತನ ಎಷ್ಟು ಎಂಬ ಪ್ರಶ್ನೆಯ ತೂಕ ಹೆಚ್ಚಾಯಿತು.

ದೇಹವೂ ದುಡಿಯುತ್ತದೆ. ಹತ್ತು ಗಂಟೆ ನಿಂತ ಮೊಣಕಾಲು, ಸಾವಿರ ಸಲ ಕುಲುಕಿದ ಭುಜ ಮತ್ತು ಮಣಿಕಟ್ಟು ನಲವತ್ತು ದಾಟುವ ಮೊದಲೇ ಲೆಕ್ಕ ಕೇಳುತ್ತವೆ. ಬಯಲಿನ ಪಾರ್ಟಿಗಳಲ್ಲಿ ನಿಂಬೆ ಹಿಂಡಿದ ಕೈಯನ್ನು ತೊಳೆಯದೆ ಬಿಸಿಲಿಗೆ ಒಡ್ಡಿದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆಗಳಾಗುತ್ತವೆ. ನಿಂಬೆಯಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲಿನೊಡನೆ ಸೇರಿ ಮಾಡುವ ಕೆಲಸವಿದು. ಎಲ್ಲಕ್ಕಿಂತ ದೊಡ್ಡ ಅಪಾಯ ಕುಡಿತದ್ದೇ. ರುಚಿ ನೋಡಲು ಸ್ಟ್ರಾ ತುದಿಯನ್ನು ಅದ್ದಿ ಎರಡು ಹನಿಯಷ್ಟೇ ನಾಲಿಗೆಗೆ ಮುಟ್ಟಿಸುವ ಪದ್ಧತಿ ಇರುವುದು ಅದಕ್ಕಾಗಿಯೇ. ಕೆಲಸದ ಹೊತ್ತಿನಲ್ಲಿ ಗ್ರಾಹಕರು ಕೊಡಿಸುವ ಪೆಗ್ ಅನ್ನು ಒಪ್ಪುವುದಿಲ್ಲ ಎಂಬ ನಿಯಮವುಳ್ಳ ಬಾರ್‌ಗಳಲ್ಲಿ ಕಲಿಯುವುದು ಲೇಸು.

ಸ್ವಂತ ಬಾರ್ ಎಂಬ ಕನಸು

ಆತಿಥ್ಯದ ವ್ಯವಹಾರ ಕನ್ನಡ ನಾಡಿಗೆ ಹೊಸತಲ್ಲ. ದಕ್ಷಿಣ ಕನ್ನಡ, ಉಡುಪಿಯಿಂದ ಮುಂಬೈಗೆ ಹೋದವರು ಮೊದಲು ಇಡ್ಲಿ ಸಾಂಬಾರಿನ ಹೋಟೆಲ್‌ಗಳನ್ನೂ ಮುಂದೆ ಅಲ್ಲಿನ ಪರವಾನಗಿಯುಳ್ಳ ಬಾರ್‌ಗಳಾದ ಪರ್ಮಿಟ್ ರೂಮ್‌ಗಳನ್ನೂ ನಡೆಸಿದರು. ಆದರೆ ಇಲ್ಲಿ ಬಾರ್ ತೆರೆಯಲು ಹೊರಟ ಬಾರ್‌ಟೆಂಡರ್‌ಗೆ ಎದುರಾಗುವ ಗೋಡೆ ಬಂಡವಾಳವೊಂದೇ ಅಲ್ಲ. ರಾಜ್ಯದಲ್ಲಿ ಸಿಎಲ್-2 ಎಂದರೆ ಕೊಂಡೊಯ್ಯುವ ಅಂಗಡಿ, ಸಿಎಲ್-7 ಎಂದರೆ ವಸತಿಯುಳ್ಳ ಹೋಟೆಲ್, ಸಿಎಲ್-9 ಎಂದರೆ ನಾವು ಬಾರ್ ಅಂಡ್ ರೆಸ್ಟೋರೆಂಟ್ ಎನ್ನುವುದು. 1992ರ ನಂತರ ದಶಕಗಳ ಕಾಲ ಹೊಸ ಸಿಎಲ್-9 ಪರವಾನಗಿಗಳನ್ನು ಕೊಡಲಿಲ್ಲ. ಹಳೆಯವು ಕೈಯಿಂದ ಕೈಗೆ ದಾಟುತ್ತ ದುಬಾರಿಯಾದವು. ಹೀಗಾಗಿ ಹೆಚ್ಚಿನವರು ಪರವಾನಗಿ ಇರುವವರೊಂದಿಗೆ ಪಾಲುದಾರರಾಗುತ್ತಾರೆ: ಒಬ್ಬರದು ಜಾಗ ಮತ್ತು ಕಾಗದ, ಇನ್ನೊಬ್ಬರದು ಕೈ ಮತ್ತು ಹೆಸರು. ಅಬಕಾರಿ ವರ್ಷ ಜೂನ್ 30ಕ್ಕೆ ಮುಗಿದು ಜುಲೈ 1ಕ್ಕೆ ಹೊಸತಾಗುತ್ತದೆ, ನವೀಕರಣವಾದ ಪ್ರತಿಯನ್ನು ಚೌಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ತೂಗುಹಾಕುತ್ತಾರೆ. ಅದರಲ್ಲಿ ಬರೆದಿರುವ ಹೆಸರೂ, ಗ್ರಾಹಕರು ಬಾಗಿಲಲ್ಲಿ “ಇವತ್ತು ಇದ್ದಾರಾ?” ಎಂದು ಕೇಳುವ ಹೆಸರೂ ಸಾಮಾನ್ಯವಾಗಿ ಬೇರೆಬೇರೆಯೇ ಆಗಿರುತ್ತವೆ.